ಲಾರಿ ಹತ್ತಿದ ತಂಪು

— ಮೇಡಂ, ನಮ್ಮ ಅಂಗಡಿ ಹುಡುಗ ಒಂದು ಸುದ್ದಿ ತಂದಿದ್ದಾನೆ. ಫ್ರಿಜ್ ಕಂಡುಹಿಡಿದವನು ಫ್ರೆಡರಿಕ್ ಜೋನ್ಸ್ ಅನ್ನೋ ಆಫ್ರಿಕನ್-ಅಮೆರಿಕನ್ ಅಂತೆ. ಇಷ್ಟು ವರ್ಷ ಕಂಪ್ರೆಸರ್ ಬಿಚ್ಚಿ ಕೂಡಿಸ್ಕೊಂಡೇ ಬಂದವನು ನಾನು, ಆ ಹೆಸರೇ ಕೇಳಿಲ್ಲ. ನನಗೆ ವಿಜ್ಞಾನ ಹೇಳಿಕೊಟ್ಟವರು ನೀವು, ನಿಮ್ಮನ್ನೇ ಕೇಳೋಣ ಅಂತ ಬಂದೆ.

— ಕೂತ್ಕೋ, ಹೇಳ್ತೀನಿ. ಆ ಮನುಷ್ಯ ಇದ್ದದ್ದು ನಿಜ, ದೊಡ್ಡ ಕೆಲಸ ಮಾಡಿದ್ದೂ ನಿಜ. ಫ್ರಿಜ್ ಕಂಡುಹಿಡಿದ ಅನ್ನೋದು ಮಾತ್ರ ತಪ್ಪು. ಅವನು ಹುಟ್ಟಿದ್ದು 1893ರಲ್ಲಿ. ಆವಿಯನ್ನ ಒತ್ತಿ ದ್ರವ ಮಾಡಿ, ಮತ್ತೆ ಆವಿಯಾಗೋಕೆ ಬಿಟ್ಟು ತಂಪು ಪಡೆಯುವ ಯಂತ್ರಕ್ಕೆ ಜೇಕಬ್ ಪರ್ಕಿನ್ಸ್ ಲಂಡನ್ನಿನಲ್ಲಿ ಪೇಟೆಂಟ್ ತಗೊಂಡದ್ದು 1834ರಲ್ಲೇ. 1870ರ ದಶಕದಲ್ಲಿ ಜರ್ಮನಿಯ ಕಾರ್ಲ್ ಫಾನ್ ಲಿಂಡೆ ಬಿಯರ್ ಕಾರ್ಖಾನೆಗಳಿಗೆ ತಂಪಿನ ಯಂತ್ರ ಕೂರಿಸ್ತಾ ಇದ್ದ.

— ಹಾಗಾದರೆ ಹುಡುಗನ ಸುದ್ದಿ ಬರೀ ಸುಳ್ಳು.

— ಪೂರ್ತಿ ಸುಳ್ಳು ಅನ್ನಬೇಡ. ಈ ವಿಷಯದಲ್ಲಿ ಇನ್ನೂ ಇಬ್ಬರು ಕಪ್ಪು ಅಮೆರಿಕನ್ನರ ಹೆಸರು ಹೇಳ್ತಾರೆ. ಥಾಮಸ್ ಎಲ್ಕಿನ್ಸ್, 1879ರ ಪೇಟೆಂಟು. ಜಾನ್ ಸ್ಟ್ಯಾಂಡರ್ಡ್, 1891ರದ್ದು. ಅವರಿಬ್ಬರೂ ಯಂತ್ರವಿಲ್ಲದೆ ತಂಪು ಮಾಡುವ ಸಾಧನಗಳನ್ನ ಸುಧಾರಿಸಿದವರು. ಕರೆಂಟಿನ ಫ್ರಿಜ್ಜಿಗೂ ಅವರಿಗೂ ಸಂಬಂಧ ಇಲ್ಲ. ಅವರನ್ನೂ ‘ಫ್ರಿಜ್ ಕಂಡುಹಿಡಿದವರು’ ಅಂತ ಬರೀತಾರೆ. ನನಗೆ ಇದು ತುಂಬಾ ಬೇಜಾರಿನ ವಿಷಯ ಕಣಪ್ಪ. ಅವರದ್ದಲ್ಲದ ಕಿರೀಟ ತಂದು ತಲೆ ಮೇಲಿಟ್ಟರೆ ನಾಳೆ ಯಾರೋ ಬಂದು ಅದನ್ನ ಕಿತ್ತು ಹಾಕ್ತಾರೆ. ಕಿತ್ತವರು ಜೊತೆಗೆ ಅವರ ನಿಜವಾದ ಕೆಲಸವನ್ನೂ ಆಚೆಗೆ ಎಸೀತಾರೆ. ಜೋನ್ಸ್ ಮಾಡಿದ ಕೆಲಸ ಫ್ರಿಜ್ಜಿಗಿಂತ ಚಿಕ್ಕದೇನಲ್ಲ.

— ಏನು ಮಾಡಿದ ಅವನು?

— ಅದನ್ನ ನೀನೇ ಹೇಳಬಲ್ಲೆ. ಒಂದು ಫ್ರಿಜ್ಜನ್ನ ಲಾರಿ ಮೇಲೆ ಕಟ್ಟಿ, ಒಳಗೆ ಕೋಳಿ ಮಾಂಸ ತುಂಬಿ, ಮಣ್ಣಿನ ರಸ್ತೆಯಲ್ಲಿ ಮೂರು ದಿನ ಓಡಿಸಿದರೆ ಏನಾಗುತ್ತೆ?

— ಮೂರು ದಿನ ಯಾಕೆ ಮೇಡಂ, ಮೂರು ಗಂಟೆ ಸಾಕು. ಮೊದಲು ಹೋಗೋದು ತಾಮ್ರದ ಪೈಪು. ನಿಂತಲ್ಲೇ ನಿಂತ ಫ್ರಿಜ್ಜಿನಲ್ಲೇ ಬೆಸುಗೆ ಬಿಟ್ಟು ಗ್ಯಾಸ್ ಲೀಕ್ ಆಗಿ ನಮ್ಮ ಹತ್ತಿರ ಬರುತ್ತೆ. ಲಾರಿಯ ಕುಲುಕಾಟಕ್ಕೆ ಅದು ತಡೆಯೋದುಂಟಾ? ಆಮೇಲೆ ಕರೆಂಟು. ಮನೆಯಲ್ಲಿ ಗೋಡೆಗೆ ಪ್ಲಗ್ ಇದೆ, ರಸ್ತೆಯಲ್ಲಿ ಎಲ್ಲಿದೆ? ಕಂಪ್ರೆಸರನ್ನ ಇಂಜಿನ್ ಇಟ್ಟು ತಿರುಗಿಸಬೇಕು. ಮನೆ ಫ್ರಿಜ್ಜಿನಲ್ಲಿ ಮೋಟಾರೂ ಕಂಪ್ರೆಸರೂ ಒಂದೇ ಗುಂಡಿನೊಳಗೆ ಸೀಲ್ ಆಗಿರುತ್ತೆ, ಗ್ಯಾಸ್ ಆಚೆ ಬರೋಕೆ ದಾರಿನೇ ಇಲ್ಲ. ಹೊರಗಿನ ಇಂಜಿನ್ನಿಂದ ತಿರುಗಿಸಬೇಕು ಅಂದರೆ ಶಾಫ್ಟು ಆಚೆ ಬರಬೇಕು, ಆ ಶಾಫ್ಟು ಬರೋ ಜಾಗದಲ್ಲಿ ಸೀಲ್ ಗಟ್ಟಿಯಾಗಿ ಕೂರಬೇಕು. ತಲೆನೋವೆಲ್ಲ ಅಲ್ಲೇ. ಇನ್ನು ಧೂಳು. ಕಂಡೆನ್ಸರ್ ರೆಕ್ಕೆಗಳ ಸಂದಿಗೆ ಧೂಳು ಮೆತ್ತಿಕೊಂಡರೆ ಶಾಖ ಹೊರಗೆ ಹೋಗಲ್ಲ. ಒಳಗಿನ ಕೂಲಿಂಗ್ ಕಾಯಿಲ್ ಮೇಲೆ ಮಂಜು ಕಟ್ಟಿದರೆ ಗಾಳಿ ಆಡಲ್ಲ. ಅಷ್ಟೂ ಸರಿಮಾಡಿದರೂ ಡ್ರೈವರ್ ರಾತ್ರಿ ಊಟಕ್ಕೆ ನಿಲ್ಲಿಸಿದಾಗ ಯಂತ್ರ ತನ್ನ ಪಾಡಿಗೆ ಓಡ್ತಾನೇ ಇರಬೇಕು.

— ನೋಡು, ಜೋನ್ಸ್ ಎದುರಿಗಿದ್ದ ಪ್ರಶ್ನೆಪತ್ರಿಕೆ ಇದೇ. 1938ರಲ್ಲಿ, ಮಿನಿಯಾಪೊಲಿಸ್ ನಗರದಲ್ಲಿ. ತಂಪು ಮಾಡೋದು ಹೇಗೆ ಅಂತ ಜಗತ್ತಿಗೆ ಆಗಲೇ ಗೊತ್ತಿತ್ತು. ರಸ್ತೆಯ ಮೇಲೆ ಆ ತಂಪನ್ನ ಉಳಿಸೋದು ಹೇಗೆ ಅಂತ ಗೊತ್ತಿರಲಿಲ್ಲ. ಪ್ರಯತ್ನ ಮಾಡಿದವರು ಇರಲಿಲ್ಲ ಅಂತಲ್ಲ. ಅವರ ಯಂತ್ರಗಳು ತುಂಬಾ ಜಾಗ ತಿನ್ನುತ್ತಿದ್ದವು, ಇಲ್ಲವೇ ಕುಲುಕಾಟಕ್ಕೆ ಬಿಚ್ಚಿಕೊಳ್ಳುತ್ತಿದ್ದವು.

— ಅಲ್ಲಿವರೆಗೆ ಮಾಂಸ, ಹಣ್ಣು ಎಲ್ಲ ಹೇಗೆ ಹೋಗ್ತಿತ್ತು?

— ಐಸಿನ ಮೇಲೆ. ಐಸಿನ ವ್ಯಾಪಾರ ಎಷ್ಟು ದೊಡ್ಡದಿತ್ತು ಅಂದರೆ, ಬಾಸ್ಟನ್ನಿನ ಫ್ರೆಡರಿಕ್ ಟ್ಯೂಡರ್ ಅನ್ನೋನು ಅಮೆರಿಕದ ಕೆರೆಗಳಲ್ಲಿ ಕೊಯ್ದ ಮಂಜುಗಡ್ಡೆಯನ್ನ 1833ರಲ್ಲಿ ಹಡಗಿನಲ್ಲಿ ಕಲ್ಕತ್ತಕ್ಕೆ ಕಳಿಸಿದ್ದ. ಮದರಾಸಿನ ಸಮುದ್ರದ ದಡದಲ್ಲಿ ಐಸ್ ಹೌಸ್ ಇದೆಯಲ್ಲ, ಈಗ ವಿವೇಕಾನಂದರ ಹೆಸರಿನಲ್ಲಿರೋದು, ಅದು ಈ ವ್ಯಾಪಾರಕ್ಕಂತಲೇ ಕಟ್ಟಿದ ಉಗ್ರಾಣ. ಅಮೆರಿಕದೊಳಗೆ ಗುಸ್ಟಾವಸ್ ಸ್ವಿಫ್ಟ್‌ನಂಥ ಮಾಂಸದ ವ್ಯಾಪಾರಿಗಳು ಷಿಕಾಗೋದಿಂದ ಪೂರ್ವದ ಊರುಗಳಿಗೆ ಐಸ್ ತುಂಬಿದ ರೈಲುಡಬ್ಬಿಗಳಲ್ಲಿ ಮಾಂಸ ಕಳಿಸ್ತಿದ್ದರು. ದಾರಿಯುದ್ದಕ್ಕೂ ಐಸ್ ತುಂಬುವ ನಿಲ್ದಾಣಗಳು. ರೈಲಿಗೆ ಅದು ನಡೀತು. ಲಾರಿಗೆ ದಾರಿಯಲ್ಲಿ ಹಾಗೆ ಐಸ್ ಕಾದಿರಲಿಲ್ಲ. ಬಿಸಿಲು ಜೋರಾದರೆ, ಟೈರು ಪಂಚರ್ ಆದರೆ, ಸರಕು ಹೋದಂತೆಯೇ.

— ಐಸಿಗೆ ಇನ್ನೊಂದು ಕಷ್ಟ ಇದೆ ಮೇಡಂ. ಬರೀ ಐಸಿನಿಂದ ಸೊನ್ನೆ ಡಿಗ್ರಿಗಿಂತ ಕೆಳಗೆ ಇಳಿಯೋಕಾಗಲ್ಲ. ಐಸ್‌ಕ್ರೀಮಿಗೆ, ಗಟ್ಟಿ ಮಾಡಿದ ಮೀನಿಗೆ ಮೈನಸ್ ಹದಿನೆಂಟು ಬೇಕು. ಉಪ್ಪು ಬೆರೆಸಿದರೆ ಇಳಿಯುತ್ತೆ, ಆದರೆ ಆ ಉಪ್ಪುನೀರು ಸೋರಿ ಕಬ್ಬಿಣ ತಿಂದುಹಾಕುತ್ತೆ. ಅದೂ ಅಲ್ಲದೆ ಐಸಿನ ತೂಕ ಇದ್ದಷ್ಟೂ ಸರಕಿನ ತೂಕ ಕಮ್ಮಿ ಮಾಡಬೇಕು.

— ಹೂಂ. ನಾನು ಹೇಳಿದ 1938ರಲ್ಲಿ ಹ್ಯಾರಿ ವರ್ನರ್ ಅನ್ನೋ ಲಾರಿ ಕಂಪನಿ ಮಾಲೀಕನಿಗೆ ಆದದ್ದೂ ಅದೇ. ಒಂದು ಲೋಡು ಕೋಳಿ ಮಾಂಸ, ಐಸ್ ಕರಗಿ ಪೂರ್ತಿ ಹಾಳಾಯ್ತು. ಗಾಲ್ಫ್ ಆಡುವಾಗ ಈ ಗೋಳನ್ನ ಗೆಳೆಯರ ಹತ್ತಿರ ತೋಡಿಕೊಂಡ. ಅಲ್ಲಿ ಜೋಸೆಫ್ ನ್ಯೂಮೆರೋ ಅನ್ನೋನಿದ್ದ. ಸಿನಿಮಾ ಮಂದಿರಗಳಿಗೆ ಧ್ವನಿಯ ಸಲಕರಣೆ ಮಾಡಿ ಮಾರುವ ಕಂಪನಿ ಅವನದು. ತಂಪಿನ ಯಂತ್ರಕ್ಕೂ ಅವನಿಗೂ ಎತ್ತಣಿಂದೆತ್ತ ಸಂಬಂಧ! ಆದರೂ ‘ನಾನು ಮಾಡಿಕೊಡ್ತೀನಿ’ ಅಂತ ತಮಾಷೆಗೆ ಅಂದುಬಿಟ್ಟ. ವರ್ನರ್ ಅದನ್ನ ನಿಜ ಅಂತ ಹಿಡಿದು, ಒಂದು ಹೊಸ ಟ್ರೈಲರನ್ನೇ ನ್ಯೂಮೆರೋ ಬಾಗಿಲಿಗೆ ಕಳಿಸಿದ. ನ್ಯೂಮೆರೋ ಕಂಪನಿಯಲ್ಲಿ ಕೆಲಸಕ್ಕಿದ್ದವನು ಜೋನ್ಸ್. ಟ್ರೈಲರ್ ಒಳಗೆ ಹತ್ತಿದ, ಅಳತೆ ತಗೊಂಡ, ಲೆಕ್ಕ ಹಾಕಿದ, ಕೆಳಗಿಳಿದು ಬಂದು ಆಗುತ್ತೆ ಅಂದ.

— ಸಿನಿಮಾ ಸಾಮಾನು ಮಾಡೋನಿಗೆ ಇಷ್ಟು ಧೈರ್ಯ ಎಲ್ಲಿಂದ ಬಂತು? ಇಂಜಿನಿಯರಿಂಗ್ ಓದಿದ್ದನಾ?

— ಆರನೇ ಕ್ಲಾಸಿನ ಆಸುಪಾಸಿಗೆ ಅವನ ಶಾಲೆ ಮುಗಿದಿತ್ತು. ಓಹಿಯೋ ನದಿಯ ಎರಡು ದಡದಲ್ಲಿ ಎದುರುಬದುರಾಗಿರೋ ಊರುಗಳು ಸಿನ್ಸಿನಾಟಿ ಮತ್ತು ಕವಿಂಗ್ಟನ್. ಅವನ ಬಾಲ್ಯ ಅಲ್ಲಿ. ತಂದೆ ರೈಲು ಕಂಪನಿಯಲ್ಲಿ ದುಡೀತಿದ್ದ ಬಿಳಿಯ, ಐರಿಷ್ ಮೂಲದವನು. ತಾಯಿ ಕಪ್ಪು ಹೆಂಗಸು. ಹುಡುಗ ತೀರಾ ಚಿಕ್ಕವನಿದ್ದಾಗಲೇ ತಾಯಿ ಇಲ್ಲವಾದಳು. ಒಬ್ಬನೇ ಸಾಕಲಾರದೆ ತಂದೆ ಅವನನ್ನ ಫಾದರ್ ರಯನ್ ಅನ್ನೋ ಕ್ಯಾಥೊಲಿಕ್ ಪಾದ್ರಿಯ ಕೈಗೊಪ್ಪಿಸಿದ. ಸ್ವಲ್ಪ ದಿನಕ್ಕೆ ತಂದೆಯೂ ತೀರಿಕೊಂಡ. ಪಾದ್ರಿಗಳ ಮನೆಯಲ್ಲಿ ಕಸ ಗುಡಿಸೋದು, ಅಡಿಗೆಮನೆ ಕೆಲಸ, ಜೊತೆಗೆ ಓದು. ಹತ್ತು ಹನ್ನೊಂದು ವರ್ಷಕ್ಕೆಲ್ಲ ಅಲ್ಲಿಂದ ಓಡಿಹೋಗಿ ಒಂದು ಕಾರ್ ಗ್ಯಾರೇಜು ಸೇರಿದ. ಮೊದಲು ಗುಡಿಸೋ ಹುಡುಗ. ಹದಿನಾಲ್ಕಕ್ಕೆ ಮೆಕ್ಯಾನಿಕ್. ಮಾರನೇ ವರ್ಷ ಆ ಗ್ಯಾರೇಜಿಗೇ ಫೋರ್‌ಮನ್.

— ನಾನೂ ಗ್ಯಾರೇಜಿನಲ್ಲಿ ಸ್ಪಾನರ್ ತೊಳೀತಾ ಶುರು ಮಾಡಿದವನೇ. ಹದಿನೈದಕ್ಕೆ ಫೋರ್‌ಮನ್ ಆಗೋದು ಹುಡುಗಾಟ ಅಲ್ಲ ಮೇಡಂ. ದೊಡ್ಡವರು ಹುಡುಗನ ಮಾತು ಕೇಳಬೇಕು ಅಂದರೆ, ಬೇರೆ ಯಾರ ಕೈಗೂ ಹತ್ತದ ಇಂಜಿನ್ ಅವನ ಕೈಗೆ ಹತ್ತಿರಬೇಕು.

— ಅಲ್ಲಿ ರೇಸ್ ಕಾರುಗಳನ್ನೂ ಕಟ್ಟಿದ. ಆಮೇಲೆ 1912ರಲ್ಲಿ ಉತ್ತರಕ್ಕೆ ಹೋದ. ಮಿನೆಸೋಟ ರಾಜ್ಯದ ಹ್ಯಾಲಕ್ ಅನ್ನೋ ಊರು, ಕೆನಡಾ ಗಡಿಯ ಹತ್ತಿರ, ಚಳಿಗಾಲದಲ್ಲಿ ಮೈ ಕೊರೆಯೋ ಜಾಗ. ರೈಲು ದೊರೆ ಅಂತ ಹೆಸರಾಗಿದ್ದ ಜೇಮ್ಸ್ ಹಿಲ್ ಅವರ ಮನೆತನಕ್ಕೆ ಅಲ್ಲಿ ಐವತ್ತು ಸಾವಿರ ಎಕರೆಯ ಕೃಷಿ ಎಸ್ಟೇಟ್. ಟ್ರ್ಯಾಕ್ಟರು, ಉಗಿ ಇಂಜಿನ್ನು, ಒಕ್ಕಣೆ ಯಂತ್ರ, ಎಲ್ಲಕ್ಕೂ ಮೆಕ್ಯಾನಿಕ್ ಇವನು. ರಾತ್ರಿ ಪುಸ್ತಕ ಇಟ್ಕೊಂಡು ಕೂತು ವಿದ್ಯುತ್ತು, ಎಲೆಕ್ಟ್ರಾನಿಕ್ಸು ಕಲಿತ. ಇಪ್ಪತ್ತನೇ ವಯಸ್ಸಿಗೆ ರಾಜ್ಯದ ಇಂಜಿನಿಯರಿಂಗ್ ಲೈಸೆನ್ಸ್ ತಗೊಂಡ. ಮೊದಲ ಮಹಾಯುದ್ಧಕ್ಕೆ ಸೈನ್ಯ ಸೇರಿ ಫ್ರಾನ್ಸಿಗೆ ಹೋದ. ಅಮೆರಿಕದ ಸೈನ್ಯ ಆಗ ಕಪ್ಪು ಸೈನಿಕರನ್ನ ಬೇರೆಯೇ ತುಕಡಿಗಳಲ್ಲಿ ಇಟ್ಟಿತ್ತು. ಅಲ್ಲೂ ಶಿಬಿರಕ್ಕೆ ವಿದ್ಯುತ್ ತಂತಿ ಎಳೆದ, ಟೆಲಿಫೋನ್ ಜೋಡಿಸಿದ, ಸಾರ್ಜೆಂಟ್ ಆಗಿ ಮರಳಿದ.

— ಮತ್ತೆ ಹ್ಯಾಲಕ್ಕಿಗೇ?

— ಅಲ್ಲಿಗೇ. ಆ ಊರಿನ ಹತ್ತು ವರ್ಷಗಳೇ ನನಗೆ ಎಲ್ಲಕ್ಕಿಂತ ಇಷ್ಟ. ಊರಿಗೆ ರೇಡಿಯೋ ಕೇಂದ್ರ ಬೇಕು ಅಂದಾಗ ಪ್ರಸಾರ ಯಂತ್ರ ಕಟ್ಟಿಕೊಟ್ಟ. ಡಾಕ್ಟರಿಗೆ ಹಿಮದಲ್ಲಿ ರೋಗಿಗಳ ಮನೆಗೆ ಹೋಗೋಕೆ ಕಷ್ಟ ಅಂದಾಗ ವಿಮಾನದ ಪ್ರೊಪೆಲರ್ ಕೂರಿಸಿದ ಹಿಮಗಾಡಿ ಮಾಡಿಕೊಟ್ಟ. ಎಕ್ಸ್‌ರೇ ಮಾಡಿಸೋಕೆ ರೋಗಿಯನ್ನ ಹೊತ್ತು ತರಬೇಕು ಅಂದಾಗ ರೋಗಿ ಇದ್ದಲ್ಲಿಗೇ ಹೋಗೋ ಎಕ್ಸ್‌ರೇ ಯಂತ್ರ ಮಾಡಿದ. ಅದಕ್ಕೆ ಪೇಟೆಂಟ್ ಮಾಡಿಸಲಿಲ್ಲ. ಆಮೇಲೆ ಅಂಥ ಯಂತ್ರಗಳಿಂದ ಬೇರೆಯವರು ದುಡ್ಡು ಮಾಡಿದರು. ಮೂಕಿ ಚಿತ್ರ ಹೋಗಿ ಟಾಕಿ ಬಂದಾಗ ಊರಿನ ಸಿನಿಮಾ ಮಂದಿರಕ್ಕೆ ಹೊಸ ಸಲಕರಣೆ ಕೊಳ್ಳೋಷ್ಟು ದುಡ್ಡಿರಲಿಲ್ಲ. ಇವನು ಕೈಗೆ ಸಿಕ್ಕ ಬಿಡಿಭಾಗಗಳಿಂದಲೇ ಧ್ವನಿ ಯಂತ್ರ ಜೋಡಿಸಿದ. ಅದರ ಧ್ವನಿ ಚೆನ್ನಾಗಿದೆ ಅನ್ನೋ ಸುದ್ದಿ ಮಿನಿಯಾಪೊಲಿಸ್ ಮುಟ್ಟಿತು. ನ್ಯೂಮೆರೋ ಕರೆಸಿ ಕೆಲಸ ಕೊಟ್ಟದ್ದು ಅದಕ್ಕೇ, 1930ರ ಸುಮಾರಿಗೆ. ಟಿಕೆಟ್ ಕೊಟ್ಟು ಚಿಲ್ಲರೆ ಎಣಿಸಿ ಕೊಡೋ ಯಂತ್ರವನ್ನೂ ಮಾಡಿದ; ಅದರ ಪೇಟೆಂಟು 1939ರದ್ದು.

— ಅವನ ಬದುಕಿನಲ್ಲಿ ಒಂದು ಸಂಗತಿ ಎದ್ದು ಕಾಣುತ್ತೆ ಮೇಡಂ. ಇಂಥದ್ದು ಮಾಡಬೇಕು ಅಂತ ತಾನಾಗಿ ಹೊರಟದ್ದೇ ಇಲ್ಲ. ಯಾರೋ ಬಂದು ಹೀಗಾಗಿದೆ ನೋಡಪ್ಪಾ ಅಂತಾರೆ, ಇವನು ಮಾಡಿಕೊಡ್ತಾನೆ. ಅಂಗಡಿ ಇಟ್ಟವರ ಬದುಕೇ ಅದು.

— ಸರಿಯಾಗಿ ಹೇಳಿದೆ. ಕೋಳಿ ಲಾರಿಯೂ ಹಾಗೇ ಬಂತು.

— ಆ ಯಂತ್ರದ ವಿಷಯ ಬಿಡಿಸಿ ಹೇಳಿ. ಎಲ್ಲಿ ಕೂರಿಸಿದ?

— ಮೊದಲನೆಯದನ್ನ ಟ್ರೈಲರಿನ ಹೊಟ್ಟೆ ಕೆಳಗೆ ಕಟ್ಟಿದ.

— ಅಯ್ಯೋ, ಕೆಳಗಾ? ಚಕ್ರ ಎರಚೋ ಕೆಸರು ಕಲ್ಲು ಎಲ್ಲ ಬಂದು ಅಲ್ಲೇ ಬಡಿಯುತ್ತೆ.

— ಹಾಗೇ ಆಯ್ತು. ತಂಪೇನೋ ಚೆನ್ನಾಗಿಯೇ ಕೊಡ್ತು, ಆದರೆ ತೂಕ ವಿಪರೀತ, ರಸ್ತೆಯ ಕೊಳೆ ಎಲ್ಲ ಒಳಗೆ. ಮುಂದಿನ ಮಾದರಿಯಲ್ಲಿ ತೂಕ ಇಳಿಸಿದ. ಅದರ ಮುಂದಿನದ್ದರಲ್ಲಿ ಜಾಗವನ್ನೇ ಬದಲಾಯಿಸಿದ. ಟ್ರೈಲರಿನ ಮುಂದಿನ ಗೋಡೆಯ ಮೇಲ್ಭಾಗಕ್ಕೆ, ಡ್ರೈವರ್ ಕ್ಯಾಬಿನ್ನಿನ ನೆತ್ತಿಗೆ ಸರಿಯಾಗಿ ತಂದು ಕೂರಿಸಿದ. ಶಾಖ ಬಿಡೋ ಭಾಗ ಗೋಡೆಯ ಆಚೆ, ತಂಪು ಕೊಡೋ ಭಾಗ ಗೋಡೆಯ ಈಚೆ.

— ಇವತ್ತಿಗೂ ಅಲ್ಲೇ ಇದೆ! ನಮ್ಮಲ್ಲಿ ಹಾಲಿನ ಲಾರಿ, ಮೀನಿನ ಲಾರಿ, ಔಷಧಿ ಲಾರಿ, ಯಾವುದೇ ಬರಲಿ, ಏಣಿ ಹಾಕಿ ಹತ್ತೋದು ಅಲ್ಲಿಗೇ. ಅಲ್ಲಿ ಯಾಕೆ ಇಡ್ತಾರೆ ಅಂತ ನಾನು ಒಂದು ದಿನವೂ ಯೋಚಿಸಿಲ್ಲ. ಈಗ ನೋಡಿದರೆ ಲೆಕ್ಕ ಎಲ್ಲ ಅದರಲ್ಲೇ ಇದೆ. ಕೆಸರು ಅಷ್ಟು ಎತ್ತರಕ್ಕೆ ಹಾರಲ್ಲ. ಲಾರಿ ಓಡುವಾಗ ಎದುರಿನಿಂದ ಬರೋ ಗಾಳಿ ಕಂಡೆನ್ಸರಿಗೆ ಸಿಗುತ್ತೆ. ತಂಪು ಗಾಳಿ ಭಾರ, ಅದು ತಾನಾಗೇ ಕೆಳಗಿಳಿಯುತ್ತೆ. ಮೇಲಿಂದ ಬಿಟ್ಟರೆ ಸರಕಿನ ಮೇಲೆ ಹಾದು ಹಿಂದಿನ ಬಾಗಿಲವರೆಗೂ ಹೋಗಿ, ಕೆಳಗಿನಿಂದ ವಾಪಸ್ ಬರುತ್ತೆ. ಸರಕು ಇಡೋ ಜಾಗವನ್ನೂ ತಿನ್ನಲ್ಲ.

— ತಂಪನ್ನ ಯಾರೂ ಒಳಗೆ ತುಂಬೋದಿಲ್ಲ ಅಂತ ನಿಮಗೆ ಕ್ಲಾಸಿನಲ್ಲಿ ಹೇಳ್ತಿದ್ದೆನಲ್ಲ, ನೆನಪಿದೆಯಾ?

— ಚೆನ್ನಾಗಿ ನೆನಪಿದೆ. ಬಾವಿಯಿಂದ ನೀರು ಸೇದಿ ಚೆಲ್ಲೋ ಹಾಗೆ, ಒಳಗಿನ ಶಾಖ ಸೇದಿ ಹೊರಗೆ ಚೆಲ್ಲೋದು ಅಂತಿದ್ದಿರಿ.

— ಹಾಗೆ ಸೇದೋ ಕೆಲಸ ಒಂದು ಗಳಿಗೆಯೂ ನಿಲ್ಲಬಾರದು, ಬೇಕಿಲ್ಲದಾಗ ನಡೆಯಲೂಬಾರದು. ಡ್ರೈವರ್ ರಸ್ತೆ ನೋಡಬೇಕೇ ಹೊರತು ಥರ್ಮಾಮೀಟರ್ ಅಲ್ಲ. ಆದ್ದರಿಂದ ಜೋನ್ಸ್ ಯಂತ್ರಕ್ಕೆ ಅದರದ್ದೇ ಚಿಕ್ಕ ಪೆಟ್ರೋಲ್ ಇಂಜಿನ್ ಕೊಟ್ಟ; ಲಾರಿ ನಿಂತರೂ ಅದು ನಿಲ್ಲಲ್ಲ. ಒಳಗೆ ಸೆಖೆ ಏರಿದರೆ ಥರ್ಮೋಸ್ಟಾಟ್ ಹೇಳುತ್ತೆ, ಇಂಜಿನ್ ತಾನಾಗೇ ಸ್ಟಾರ್ಟ್ ಆಗುತ್ತೆ. ಬೇಕಾದಷ್ಟು ತಣ್ಣಗಾದ ಮೇಲೆ ತಾನಾಗೇ ಆಫ್. ಇಂಜಿನ್ನನ್ನ ಹೀಗೆ ತಾನಾಗೇ ಶುರುಮಾಡಿ ನಿಲ್ಲಿಸೋ ವ್ಯವಸ್ಥೆಗೇ ಅವನು ಬೇರೆ ಪೇಟೆಂಟುಗಳನ್ನ ತಗೊಂಡಿದ್ದಾನೆ. ಕುಲುಕಾಟ ತಡೆಯೋ ವಿದ್ಯೆ ಅವನಿಗೆ ರೇಸ್ ಕಾರಿನಿಂದ ಬಂದದ್ದು. ಮಣ್ಣಿನ ಟ್ರ್ಯಾಕಿನಲ್ಲಿ ನೂರಾರು ಸುತ್ತು ಹೊಡೆದರೂ ಯಾವ ನಟ್ಟೂ ಸಡಿಲ ಆಗಬಾರದು, ಯಾವ ಪೈಪೂ ಬಿರುಕು ಬಿಡಬಾರದು ಅನ್ನೋದನ್ನ ಕೈಯಾರೆ ಕಲಿತವನು. ತಂಪಿನ ಶಾಸ್ತ್ರ ಗೊತ್ತಿದ್ದವರಿಗೆ ರಸ್ತೆ ಗೊತ್ತಿರಲಿಲ್ಲ, ರಸ್ತೆ ಗೊತ್ತಿದ್ದವರಿಗೆ ತಂಪಿನ ಶಾಸ್ತ್ರ ಗೊತ್ತಿರಲಿಲ್ಲ. ಇವನಿಗೆ ಎರಡೂ ಗೊತ್ತಿತ್ತು.

— ವರ್ನರ್ ಲಾರಿಯೊಂದಕ್ಕೇ ಮುಗೀತಾ?

— ಎಲ್ಲಿ ಬಂತು! ನ್ಯೂಮೆರೋ ತನ್ನ ಸಿನಿಮಾ ವ್ಯಾಪಾರವನ್ನ ಆರ್‌ಸಿಎ ಕಂಪನಿಗೆ ಮಾರಿ, ಜೋನ್ಸ್ ಜೊತೆ ಯು.ಎಸ್. ಥರ್ಮೋ ಕಂಟ್ರೋಲ್ ಅನ್ನೋ ಹೊಸ ಕಂಪನಿ ಶುರು ಮಾಡಿದ. ಅದೇ ಮುಂದೆ ಥರ್ಮೋ ಕಿಂಗ್ ಆಯ್ತು.

— ಥರ್ಮೋ ಕಿಂಗ್! ಆ ಹೆಸರು ಲಾರಿಗಳ ಮೇಲೆ ದಿನಾ ನೋಡ್ತೀನಲ್ಲ ಮೇಡಂ!

— ಅದೇ. ಅಷ್ಟರಲ್ಲಿ ಎರಡನೇ ಮಹಾಯುದ್ಧ ಬಂತು. ರಣರಂಗದ ಆಸ್ಪತ್ರೆಗಳಿಗೆ ರಕ್ತ ಬೇಕು, ಸೀರಮ್ ಬೇಕು, ಔಷಧಿ ಬೇಕು. ಎಲ್ಲವೂ ತಣ್ಣಗೇ ಇರಬೇಕು. ಪೆಸಿಫಿಕ್ ದ್ವೀಪಗಳ ಬಿಸಿಲಿನಲ್ಲಿ ಐಸ್ ಎಲ್ಲಿಂದ ತರೋದು? ಜೋನ್ಸ್ ಸೈನ್ಯಕ್ಕಂತಲೇ ಹೊತ್ತೊಯ್ಯಬಹುದಾದ ತಂಪಿನ ಯಂತ್ರಗಳನ್ನ ಮಾಡಿದ. ಆಸ್ಪತ್ರೆಗೂ ಅವೇ, ಸೈನಿಕರ ಅಡಿಗೆ ಶಿಬಿರಕ್ಕೂ ಅವೇ. ಒಂದು ಮಾತು ಹೇಳಲೇಬೇಕು. ಆ ಹೊತ್ತಿಗೆ ಅಮೆರಿಕನ್ ರೆಡ್ ಕ್ರಾಸ್ ಕಪ್ಪು ಜನ ಕೊಟ್ಟ ರಕ್ತವನ್ನ ಬಿಳಿಯರ ರಕ್ತದ ಜೊತೆ ಸೇರಿಸದೆ ಬೇರೆ ಇಡ್ತಿತ್ತು. ಅದಕ್ಕೆ ವಿಜ್ಞಾನದ ಆಧಾರ ಎಳ್ಳಷ್ಟೂ ಇರಲಿಲ್ಲ. ಅಂಥ ದೇಶದ ಸೈನಿಕರಿಗೆ ಹೋಗೋ ರಕ್ತ ಕೆಡದ ಹಾಗೆ ಕಾಯ್ದ ಯಂತ್ರವನ್ನ ಮಾಡಿದವನು ಕಪ್ಪು ಮನುಷ್ಯ. ನನಗೆ ಇದನ್ನ ನೆನೆಸಿಕೊಂಡರೆ ಸಿಟ್ಟೂ ಬರುತ್ತೆ, ಹೆಮ್ಮೆಯೂ ಆಗುತ್ತೆ.

— ಕೇಳಿದರೆ ನನಗೂ ಹಾಗೇ ಆಗ್ತಿದೆ.

— ಯುದ್ಧ ಮುಗಿದ ಮೇಲೆ ಅದೇ ಯಂತ್ರ ರೈಲಿಗೆ ಹೋಯ್ತು, ಹಡಗಿಗೆ ಹೋಯ್ತು. ಮಿನೆಸೋಟದ ಚಳಿಗಾಲದಲ್ಲಿ ಕಷ್ಟ ಉಲ್ಟಾ. ಹೊರಗೆ ಸೊನ್ನೆಗಿಂತ ಎಷ್ಟೋ ಕೆಳಗೆ. ಲಾರಿಯಲ್ಲಿರೋ ಆಲೂಗಡ್ಡೆ, ಸೊಪ್ಪು ಹೆಪ್ಪುಗಟ್ಟಿ ಹಾಳಾಗುತ್ತೆ. ಆಗ ಒಳಗೆ ಬಿಸಿ ಬೇಕು. ಜೋನ್ಸ್ ಅದಕ್ಕೂ ದಾರಿ ಮಾಡಿದ. ಬೇಕೆಂದಾಗ ತಂಪು, ಬೇಕೆಂದಾಗ ಬಿಸಿ, ಎರಡೂ ಒಂದೇ ಯಂತ್ರದಿಂದ.

— ಹಾಟ್ ಗ್ಯಾಸ್! ಕಂಪ್ರೆಸರಿನಿಂದ ಬರೋ ಬಿಸಿ ಗ್ಯಾಸನ್ನ ಹೊರಗಿನ ಕಂಡೆನ್ಸರಿಗೆ ಬಿಡದೆ ನೇರ ಒಳಗಿನ ಕಾಯಿಲಿಗೇ ತಿರುಗಿಸೋದು. ಕಾಯಿಲ್ ಮೇಲೆ ಕಟ್ಟಿದ ಮಂಜು ಕರಗಿಸೋಕೂ ನಾವು ಇವತ್ತು ಅದನ್ನೇ ಮಾಡೋದು. ಅಲ್ಲ ಮೇಡಂ, ಇಷ್ಟೆಲ್ಲ ಮಾಡಿದವನ ಹೆಸರು ಯಂತ್ರದ ಮೇಲೆ ಯಾಕಿಲ್ಲ? ಫೋರ್ಡ್ ಹೆಸರಿದೆ, ಡೀಸೆಲ್ ಹೆಸರಿದೆ.

— ಹೆಚ್ಚಿನ ಪೇಟೆಂಟುಗಳನ್ನ ಅವನು ಕಂಪನಿಗೆ ಬರೆದುಕೊಟ್ಟಿದ್ದ. ಕಂಪನಿ 1949ರ ಹೊತ್ತಿಗೆ ಮೂವತ್ತು ಲಕ್ಷ ಡಾಲರ್ ವಹಿವಾಟು ಮಾಡ್ತಿತ್ತು. ಅವನು ಅಲ್ಲೇ ದೊಡ್ಡ ಹುದ್ದೆಯಲ್ಲಿದ್ದ, ಯಂತ್ರದ ವಿಷಯದಲ್ಲಿ ಅವನದ್ದೇ ಕೊನೇ ಮಾತು. ನ್ಯೂಮೆರೋ ಅವನನ್ನ ಗೌರವದಿಂದ ನಡೆಸಿಕೊಂಡ, ಅದನ್ನ ಇಲ್ಲ ಅನ್ನೋಕಾಗಲ್ಲ. ಜೋನ್ಸಿಗೆ ಇಡೀ ಬದುಕಿನಲ್ಲಿ ಒಟ್ಟು 61 ಪೇಟೆಂಟು, ಅದರಲ್ಲಿ 40 ತಂಪಿನದ್ದೇ. ಆದರೆ ಅಂಗಡಿ ಬೋರ್ಡಿನ ಮೇಲೆ ಅವನ ಹೆಸರು ಬರಲಿಲ್ಲ.

— ಆದರೂ ಒಂದು ಮಾತು. ಕೈಯಲ್ಲಿ ಕಸುಬಿದ್ದರೆ ಬಣ್ಣ ಅಡ್ಡ ಬರಲ್ಲ ಅಂತ ಇವನ ಬದುಕೇ ತೋರಿಸುತ್ತಲ್ವಾ?

— ಇಲ್ಲ. ಈ ಮಾತನ್ನ ನಾನು ಒಪ್ಪಲ್ಲ, ನಿನ್ನ ಹುಡುಗನಿಗೂ ದಯವಿಟ್ಟು ಹೀಗೆ ಹೇಳಬೇಡ. ಅವನಿಗೆ ಹ್ಯಾಲಕ್ ಸಿಕ್ಕಿತು. ಆ ಚಿಕ್ಕ ಊರಿನ ಜನ ಅವನ ಕೈ ನೋಡಿ ಕೆಲಸ ಕೊಟ್ಟರು. ಆಮೇಲೆ ನ್ಯೂಮೆರೋ ಸಿಕ್ಕಿದ. ಅದೇ ಕಾಲದಲ್ಲಿ ದಕ್ಷಿಣದ ರಾಜ್ಯಗಳಲ್ಲಿ ಅವನಷ್ಟೇ ಬುದ್ಧಿ ಇದ್ದ ಎಷ್ಟು ಹುಡುಗರು ಗ್ಯಾರೇಜಿನ ಬಾಗಿಲೊಳಗೇ ಕಾಲಿಡೋಕಾಗದೆ ಹತ್ತಿ ಬಿಡಿಸಿ ಬಿಡಿಸಿ ಸತ್ತರೋ! ಅಲ್ಲಿ ಶಾಲೆ ಬೇರೆ, ರೈಲುಡಬ್ಬಿ ಬೇರೆ, ಕುಡಿಯೋ ನೀರಿನ ನಲ್ಲಿ ಬೇರೆ. ಅದೆಲ್ಲ ಕಾನೂನೇ ಆಗಿತ್ತು. ಜೋನ್ಸ್ ಗೆದ್ದ ಅಂತ ಆ ಕಾನೂನು ನಿರುಪದ್ರವಿ ಆಗಿಬಿಡಲ್ಲ. ಒಬ್ಬನಿಗೆ ಸಂದು ಸಿಕ್ಕಿದ್ದನ್ನ ತೋರಿಸಿ ಗೋಡೆಯೇ ಇರಲಿಲ್ಲ ಅನ್ನೋದು ಸತ್ತವರಿಗೆ ಮಾಡೋ ದ್ರೋಹ.

— ಸರಿ ಮೇಡಂ. ನಾನು ಅಷ್ಟು ದೂರ ಯೋಚಿಸಿರಲಿಲ್ಲ. ಆ ಕಾಲದ ಇಂಜಿನಿಯರುಗಳು ಅವನನ್ನ ತಮ್ಮವನು ಅಂತ ಒಪ್ಪಿಕೊಂಡರಾ?

— 1944ರಲ್ಲಿ ಅಮೆರಿಕದ ತಂಪು-ಇಂಜಿನಿಯರುಗಳ ಸಂಘ ಅವನನ್ನ ಸದಸ್ಯ ಮಾಡಿಕೊಂಡಿತು. ಆ ಸಂಘಕ್ಕೆ ಸೇರಿದ ಮೊದಲ ಆಫ್ರಿಕನ್-ಅಮೆರಿಕನ್ ಅವನೇ. ಐವತ್ತರ ದಶಕದಲ್ಲಿ ಅಮೆರಿಕದ ರಕ್ಷಣಾ ಇಲಾಖೆ ಅವನಿಂದ ಸಲಹೆ ತಗೊಳ್ತಿತ್ತು. 1961ರ ಫೆಬ್ರವರಿಯಲ್ಲಿ ಶ್ವಾಸಕೋಶದ ಕ್ಯಾನ್ಸರಿನಿಂದ ಮಿನಿಯಾಪೊಲಿಸ್ಸಿನಲ್ಲಿ ತೀರಿಕೊಂಡ. ಅದೇ ವರ್ಷ ವೆಸ್ಟಿಂಗ್‌ಹೌಸ್ ಕಂಪನಿ ಥರ್ಮೋ ಕಿಂಗನ್ನ ಕೊಂಡುಕೊಂಡಿತು. ದೇಶ ಅವನಿಗೆ ದೊಡ್ಡ ಮರ್ಯಾದೆ ಮಾಡಿದ್ದು ಸತ್ತು ಮೂವತ್ತು ವರ್ಷ ಆದ ಮೇಲೆ. 1991ರಲ್ಲಿ ಅಧ್ಯಕ್ಷ ಜಾರ್ಜ್ ಬುಷ್ ತಂತ್ರಜ್ಞಾನದ ರಾಷ್ಟ್ರೀಯ ಪದಕವನ್ನ ಜೋನ್ಸ್ ಮತ್ತು ನ್ಯೂಮೆರೋ ಇಬ್ಬರಿಗೂ ಕೊಟ್ಟರು. ಇಬ್ಬರೂ ಇರಲಿಲ್ಲ, ಅವರ ಹೆಂಡತಿಯರು ವೈಟ್ ಹೌಸಿಗೆ ಹೋಗಿ ತಗೊಂಡರು. ಆ ಪದಕ ಪಡೆದ ಮೊದಲ ಆಫ್ರಿಕನ್-ಅಮೆರಿಕನ್ನೂ ಜೋನ್ಸೇ.

— ಇಡೀ ಊಟದ ದಾರಿಯನ್ನೇ ಬದಲಾಯಿಸಿದ ಮನುಷ್ಯ. ಲಸಿಕೆ ಹಳ್ಳಿ ತಲುಪೋದು, ಮಂಗಳೂರಿನ ಮೀನು ಬೆಂಗಳೂರಿಗೆ ಬರೋದು, ಐಸ್‌ಕ್ರೀಮು ಬೇಸಿಗೆಯಲ್ಲಿ ಬಳ್ಳಾರಿ ಮುಟ್ಟೋದು, ಎಲ್ಲ ಈ ಯಂತ್ರದ ಸಂತತಿಯಿಂದ. ನಮ್ಮ ಟ್ರೇಡಿನ ಪುಸ್ತಕದಲ್ಲಿ ಲಿಂಡೆ ಇದ್ದಾನೆ, ಎಸಿಯ ಕ್ಯಾರಿಯರ್ ಇದ್ದಾನೆ, ಇವನು ಒಂದು ಸಾಲಿನಲ್ಲೂ ಇರಲಿಲ್ಲ. ಇರಬೇಕಾಗಿತ್ತು.

— ಇರಲೇಬೇಕಾಗಿತ್ತು. ಐಟಿಐನಲ್ಲಿ ರೆಫ್ರಿಜರೇಷನ್ ಕಲಿಯೋ ಪ್ರತಿ ಹುಡುಗನಿಗೂ ಹುಡುಗಿಗೂ ಇವನ ಹೆಸರು ಗೊತ್ತಿರಬೇಕು.

— ನಮ್ಮ ಹುಡುಗನಿಗೆ ಏನಂತ ಹೇಳಲಿ ಮೇಡಂ? ಫ್ರಿಜ್ ಕಂಡುಹಿಡಿದವನಲ್ಲ ಅಂದರೆ ಮುಖ ಚಿಕ್ಕದು ಮಾಡ್ಕೋತಾನೆ.

— ಬಾಯಲ್ಲಿ ಹೇಳಬೇಡ, ತೋರಿಸು. ಅಮೆರಿಕದ ಪೇಟೆಂಟುಗಳನ್ನ ಯಾರು ಬೇಕಾದರೂ ತೆಗೆದು ನೋಡಬಹುದು, ದುಡ್ಡಿಲ್ಲ ಕಾಸಿಲ್ಲ. ಚಿತ್ರಗಳಿವೆ, ಭಾಗಗಳಿಗೆಲ್ಲ ಅಂಕಿ ಹಾಕಿದೆ. ಇಂಗ್ಲಿಷು ಕಷ್ಟ ಆದರೂ ಅವನ ಕೈಗೆ ಕಂಪ್ರೆಸರು ಗೊತ್ತಲ್ಲ, ಚಿತ್ರ ಅರ್ಥ ಆಗುತ್ತೆ. ಲಾರಿ ಮೇಲೆ ಹತ್ತಿಸಿ, ಆ ಕಾಗದ ಪಕ್ಕದಲ್ಲಿ ಹಿಡಿದು, ಒಂದೊಂದೇ ಭಾಗ ಹುಡುಕಿಸು. ನ್ಯೂಮೆರೋ, ಜೋನ್ಸ್ ಇಬ್ಬರ ಹೆಸರೂ ಅದರ ಮೇಲಿದೆ. ನಂಬರ್ ಬರ್ಕೋ: 23,03,857. ವರ್ಷ 1942.